ಗುರುತಿಲ್ಲದ ಮಡಕೆಗಳು

ಭಟ್ಟಿಯಕ್ಕನ ಮುತ್ತಜ್ಜ ಹೊಗೆಯಜ್ಜ. ನಮ್ಮ ಬೀದಿಯ ತುದಿಯ ಬೇಕರಿಯಲ್ಲಿ ಇವತ್ತಿಗೂ ಉರಿಯುತ್ತಿರುವ ಭಟ್ಟಿಯನ್ನು ಕಟ್ಟಿದವನು ಅವನೇ. ಹೊಳೆದಂಡೆಯ ಮಣ್ಣನ್ನು ತಲೆಯ ಮೇಲೆ ಹೊತ್ತು ತಂದ, ಕುಸಿದುಬಿದ್ದ ಹಳೇ ಸೇತುವೆಯ ಇಟ್ಟಿಗೆ ಆರಿಸಿ ತಂದ, ಎಮ್ಮೆ ಮಲಗಿದಂತೆ ಅದರ ಬೆನ್ನು ಬಾಗಿಸಿದ. ಮನೆಮಾಡುಗಳ ಮೇಲೆ ಏಳುವ ಹೊಗೆಯನ್ನು ಬೀದಿಯಲ್ಲಿ ನಿಂತೇ ಮೂಸಿ, "ಈ ಮನೇಲಿ ಹಸಿ ಸೌದೆ, ಆ ಮನೇಲಿ ಹಾಲು ಉಕ್ಕಿದೆ, ಮೂಲೆಮನೇಲಿ ಗಂಡ ಹೆಂಡತಿ ಜಗಳ" ಎಂದು ಹೇಳುತ್ತಿದ್ದನಂತೆ. ಜಗಳಕ್ಕೆ ಎಂಥ ವಾಸನೆ ಎಂದು ಕೇಳಿದರೆ, "ಒಲೆ ಮೇಲಿಟ್ಟದ್ದನ್ನ ಇಬ್ಬರೂ ಮರೆತಿದ್ದಾರಲ್ಲ, ಸೀಯ್ತಾ ಇದೆ" ಎನ್ನುತ್ತಿದ್ದನಂತೆ.

ಅವನ ಸೊಸೆ ಮಡಕೆಯಜ್ಜಿ. ಒಂದು ವರ್ಷ ಮಳೆ ಹಿಂದೆ ಸರಿಯುವ ಹೊತ್ತಿನಲ್ಲಿ ಹೊಳೆ ಬೀದಿಗೆ ನುಗ್ಗಿ, ಮನೆಮನೆಯ ಒಲೆಯೂ ಕರಗಿ ಕೆಸರಾಯಿತು. ಎತ್ತರದಲ್ಲಿದ್ದ ಭಟ್ಟಿ ಮಾತ್ರ ಉಳಿಯಿತು. "ಬ್ರೆಡ್ಡು ತೆಗೆದ ಮೇಲೆ ಭಟ್ಟಿ ಆರೋದಕ್ಕೆ ಇರುಳೆಲ್ಲ ಬೇಕು. ಆ ಕಾವು ಯಾರಪ್ಪನ ಮನೆ ಗಂಟೂ ಅಲ್ಲ, ಬೇಯಿಸೋದಿದ್ರೆ ತನ್ನಿ" ಎಂದು ಆಕೆ ಬೀದಿಗೆಲ್ಲ ಸಾರಿದಳು. ಜನ ಬಂದರು. ಒಬ್ಬಳು ಮಾಂಸ ತುಂಬಿದ ತಾಮ್ರದ ಪಾತ್ರೆಯನ್ನು ಎದೆಗಾನಿಸಿ ತಂದಳು. ಇನ್ನೊಬ್ಬಳು ಗೆಣಸಿನ ಸಿಪ್ಪೆ ಹಾಕಿದ ಮುರುಕು ತಟ್ಟೆಯನ್ನು ಮಡಿಲಲ್ಲಿ ಬಚ್ಚಿಟ್ಟು ತಂದು, ಸಾಲಿನ ಕೊನೆಯಲ್ಲಿ ನಿಂತು, ಎಲ್ಲರೂ ಹೋಗುವ ತನಕ ಅದನ್ನು ಹೊರಗೆ ತೆಗೆಯಲಿಲ್ಲ. ಮಡಕೆಯಜ್ಜಿ ಅದನ್ನು ನೋಡಿದಳು, ನೋಡದ ಹಾಗೆ ಇದ್ದಳು. ಮರುದಿನವೇ ಕುಂಬಾರನ ಬಳಿ ಹೋಗಿ ಬೀದಿಗೆಲ್ಲ ಒಂದೇ ಅಳತೆಯ, ಒಂದೇ ಬಣ್ಣದ ಮಡಕೆ ಮಾಡಿಸಿದಳು. ಮುಚ್ಚಳಕ್ಕೆ ಸುತ್ತ ಹಿಟ್ಟು ಮೆತ್ತಿ ತರಬೇಕು, ಮೇಲೆ ಯಾವ ಗುರುತೂ ಇರಬಾರದು. ಬೆಂದ ಮೇಲೆ ಯಾವುದು ಯಾರದೆಂದು, ಮನೆಮನೆಯ ಅಡುಗೆಯ ವಾಸನೆ ಬಲ್ಲ ಆಕೆ ಹಿಟ್ಟಿನ ಬಿರುಕಿಗೆ ಮೂಗು ಹಿಡಿದು ಕಂಡುಹಿಡಿದು ಕೊಡುವಳು. ಯಾರ ಮನೆಯಲ್ಲಿ ಏನು ಬೆಂದಿತೆಂದು ಆ ಒಂದು ಮೂಗಿಗೆ ಮಾತ್ರ ಗೊತ್ತು, ಬಾಯಿಗೆ ಗೊತ್ತಿಲ್ಲ.

ಆಕೆಯ ಮಗ, ನಮ್ಮ ಭಟ್ಟಿಯಕ್ಕನ ಅಪ್ಪ, ಮಾತೇ ಇಲ್ಲದ ಮನುಷ್ಯ. ಮಗನಿಗೆ ಹೆಣ್ಣು ನೋಡಲು ಹೊರಟಿದ್ದ ಶ್ರೀಮಂತನೊಬ್ಬ ಅವನನ್ನು ಪಕ್ಕಕ್ಕೆ ಕರೆದು, "ಆ ಹೆಣ್ಣಿನ ಮನೆಯವರ ಮಡಕೇಲಿ ದಿನಾ ಏನಿರುತ್ತೆ, ನಿನಗೆ ಗೊತ್ತಿರಲೇಬೇಕಲ್ಲ?" ಎಂದು ಕೇಳಿದನಂತೆ. ಅಪ್ಪ ಬಹಳ ಹೊತ್ತು ಯೋಚಿಸಿದಂತೆ ಮಾಡಿ, "ಉಪ್ಪಿರುತ್ತೆ" ಎಂದನಂತೆ. ಆ ವರ್ಷವೆಲ್ಲ ಅವನು ಆಡಿದ್ದು ಅದೊಂದೇ ಮಾತು ಎಂದು ಬೀದಿಯವರು ನಗುತ್ತಾರೆ.

ಇಂಥವರ ಮನೆಯ ಕುಡಿ ಭಟ್ಟಿಯಕ್ಕ. ಕೂದಲು ಬೂದಿಯ ಬಣ್ಣ, ಮುಂಗೈ ತುಂಬ ಹಳೇ ಸುಟ್ಟಕಲೆ, ಬಾಯಿ ಮಾತ್ರ ಈಗ ತಾನೇ ಸಾಣೆ ಹಿಡಿದದ್ದು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಬಂದ ಗಂಡುಗಳೆಲ್ಲ ಹಸಿಹಸಿ, ಒಂದೂ ಬೆಂದಿರಲಿಲ್ಲ" ಎನ್ನುತ್ತಾಳೆ. ತಮ್ಮನ ಮಗಳು ಜೊತೆಗಿದ್ದಾಳೆ. ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ, ಸಂಜೆ ಅತ್ತೆಗೆ ಸೌದೆ ಒಡ್ಡುವ ಕೆಲಸ. ಭಟ್ಟಿಯ ಪಕ್ಕದ ಬೀಗ ರಿಪೇರಿಯ ಗೂಡಂಗಡಿ ನನ್ನದು. ಗೋಡೆಗೆ ಗೋಡೆ ಅಂಟಿಕೊಂಡಿರುವುದರಿಂದ ನಾನು ಬರೆಯುವುದರಲ್ಲಿ ಮುಕ್ಕಾಲು ಕಣ್ಣಾರೆ ಕಂಡದ್ದು, ಮಿಕ್ಕದ್ದು ಆಯಾ ಮನುಷ್ಯರೇ ಹೇಳಿದ್ದು.

ಮಡಕೆ ಇಡುವ ಪದ್ಧತಿ ಎಲೆ ಹಣ್ಣಾಗುವ ಕಾಲಕ್ಕೆ ಮಾತ್ರ. ಮಳೆ ಗಂಟುಮೂಟೆ ಕಟ್ಟಿರುತ್ತದೆ, ಚಳಿ ಇನ್ನೂ ಹಾದಿಯಲ್ಲಿರುತ್ತದೆ. ವರ್ಷದಲ್ಲಿ ಯಾರ ಮೇಲೂ ದೂರು ಹೇಳಬೇಕೆನಿಸದ ಕಾಲವೆಂದರೆ ಅದೊಂದೇ. ಆಕಾಶ ತೊಳೆದು ಕವುಚಿಟ್ಟ ಬೋಗುಣಿಯಂತಿರುತ್ತದೆ. ಪೆಟ್ಟಿಗೆಯಿಂದ ಕಂಬಳಿಗಳು ಹೊರಬಂದು ಮಾಳಿಗೆಯ ಮೇಲೆ ಬಿಸಿಲು ಕಾಯುತ್ತವೆ. ಮಾರುಕಟ್ಟೆಯಲ್ಲಿ ಕುಂಬಳಕಾಯಿಗಳು ಹೊಟ್ಟೆ ಬಿಟ್ಟುಕೊಂಡು ಕುಳಿತಿರುತ್ತವೆ, ಗೆಣಸಿಗೆ ಇನ್ನೂ ಹೊಲದ ಮಣ್ಣು ಅಂಟಿರುತ್ತದೆ. ಸಂಜೆಯ ಬಿಸಿಲಿಗೆ ಜೇನಿನ ಬಣ್ಣ ಬಂದು, ಬೀದಿಯ ಮರಗಳು ಒಂದೊಂದೇ ಎಲೆಯನ್ನು ಜಿಪುಣನ ಹಾಗೆ ಕೆಳಗೆ ಬಿಡುತ್ತವೆ.

ಕೊನೆಯ ಬ್ರೆಡ್ಡು ಹೊರಬಂದ ಮೇಲೆ ಮಡಕೆಗಳು ಒಳಗೆ ಹೋಗುತ್ತವೆ. ಬೇಯುವ ತನಕ ಬೀದಿಯವರೆಲ್ಲ ಭಟ್ಟಿಯ ಹಿಂಗೋಡೆಗೆ ಬೆನ್ನು ಕೊಟ್ಟು ಕೂರುತ್ತೇವೆ. ಆ ಗೋಡೆಯ ಕಾವು ಬೆನ್ನಿನ ಮೂಳೆಯೊಳಗೆ ಇಳಿಯುವ ಸುಖಕ್ಕೆ ರಾಜನ ಗಾದಿಯೂ ಸಮವಲ್ಲ. ಮುಂಚೆ ಅಲ್ಲಿ ಹರಟೆ, ಹಾಡು, ಒಗಟು. ಈಗ ಅವುಗಳ ಜೊತೆಗೆ ಮೊಬೈಲೂ ಬಂದು ಕೂತಿದೆ. "ಇವತ್ತು ಯಾರಿಗೆ ಏನು ಸಿಕ್ತು?" ಎಂದು ಭಟ್ಟಿಯಕ್ಕ ಕೇಳಿದಳೆಂದರೆ ಒಬ್ಬೊಬ್ಬರೂ ಮೊಬೈಲಿನಲ್ಲಿ ಆ ದಿನ ಹಿಡಿದ ಬೇಟೆಯನ್ನು ತೋರಿಸಬೇಕು. ಎದುರು ಮನೆಯ ದರ್ಜಿಗೆ, ಹರಿದ ಕೋಟಿಗೆ ತೇಪೆ ಹಾಕಿದ್ದೇ ಕಾಣದ ಹಾಗೆ ಹೊಲಿಯುವ ಯಾವುದೋ ದೇಶದ ಅಜ್ಜಿ ಸಿಕ್ಕಿದ್ದಳು. ನನಗೆ, ಕೀಲಿ ಕಳೆದ ಹಳೇ ಬೀಗಗಳನ್ನು ಬಿಚ್ಚಿ ಒಬ್ಬರಿಗೊಬ್ಬರು ತೋರಿಸಿಕೊಂಡು ಕುಣಿದಾಡುವ ಹುಚ್ಚರ ಗುಂಪೇ ಸಿಕ್ಕಿತ್ತು. ಆಸ್ಪತ್ರೆಯ ನರ್ಸಮ್ಮನಿಗೆ ಸಿಕ್ಕಿದ್ದು ಒಂದು ಮರ. ಭೂಮಿಯ ಆ ಕಡೆ ಯಾರೋ ಒಂದು ಕೆಂಪು ಎಲೆಯ ಮರಕ್ಕೆ ಹಗಲಿರುಳು ಕ್ಯಾಮೆರಾ ಇಟ್ಟಿದ್ದಾರೆ, ಲೋಕದ ಜನ ಕೂತು ಅದರ ಎಲೆ ಉದುರುವುದನ್ನು ನೋಡುತ್ತಾರೆ. "ಇದೇನು ಕೆಲಸ ಇಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಹಾಗೆ!" ಎಂದು ದರ್ಜಿ ಮೊದಲು ನಕ್ಕ. ವಾರ ಕಳೆಯುವುದರೊಳಗೆ, "ಏ, ಆ ಬಲಗಡೆ ಟೊಂಗೆ ಎಲೆ ಇನ್ನೂ ಗಟ್ಟಿ ಇದೆಯೇನ್ರಿ?" ಎಂದು ವಿಚಾರಿಸುವವನೂ ಅವನೇ ಆದ.

ಹೋದ ವರ್ಷ ಆ ಕಾಲ ಶುರುವಾಗುವ ಮುಂಚೆ ಭಟ್ಟಿಯಕ್ಕನಿಗೆ ನೆಗಡಿ ಜ್ವರ ಬಂತು. ಹಾಸಿಗೆ ಹಿಡಿದಳು, ಬೈದುಕೊಂಡಳು, ಎದ್ದಳು. ಬ್ರೆಡ್ಡು, ಬನ್ನು ಎಂದಿನ ಹಾಗೆ ಹದವಾಗಿ ಬಂದವು. ಹಿಟ್ಟಿನ ಹದ ಕೈಗೆ ಗೊತ್ತು, ಮೇಲ್ಪದರದ ಬಣ್ಣ ಕಣ್ಣಿಗೆ ಗೊತ್ತು. ಆದ್ದರಿಂದ ಮೂಗು ಕೆಲಸಕ್ಕೆ ಬಾರದಿದ್ದದ್ದು ಯಾರಿಗೂ ತಿಳಿಯಲಿಲ್ಲ. ಮಡಕೆಯ ಮೊದಲ ಸಂಜೆಯೂ ಬಂತು. ಎಂದಿನಂತೆ ಒಂದೊಂದನ್ನೇ ಎತ್ತಿ ಬಿರುಕಿಗೆ ಮೂಗು ಹಿಡಿದು, ಹುಬ್ಬು ಕುಣಿಸಿ, "ತಗೋ, ನಿಂದು" ಎಂದು ಹಂಚಿದಳು. ನೆಗಡಿಗೆ ಮೂಗು ಇನ್ನೂ ಕಟ್ಟಿದೆ ಎಂದುಕೊಂಡು, ಇಟ್ಟ ಜಾಗದ ಅರೆನೆನಪಿನ ಮೇಲೆ ಕೊಟ್ಟಳೆಂಬುದು ಆಮೇಲೆ ತಿಳಿದದ್ದು.

ಮರುದಿನ ಬೆಳಿಗ್ಗೆ ದರ್ಜಿ ಬೇಕರಿಯ ಕಟ್ಟೆಯ ಮುಂದೆ ನಿಂತಿದ್ದ. ಅವನ ಮನೆಯ ಮಡಕೆಯೆಂದರೆ ಮಾಂಸ, ಮೆಣಸು, ಬೆಳ್ಳುಳ್ಳಿ. ತಿಂದವರ ಕಿವಿಯಲ್ಲಿ ಹೊಗೆ ಬರಬೇಕು.

"ಅಕ್ಕಾ, ರಾತ್ರಿ ನನ್ನ ಮಡಕೆ ಸನ್ಯಾಸ ತಗೊಂಡಿತ್ತಲ್ಲ!"

"ನಿನ್ನ ಹೊಟ್ಟೆ ನೋಡಿದ್ರೆ ಹಾಗೇನೂ ಕಾಣಲ್ವಲ್ಲೋ."

"ನಿಜ ಹೇಳಕ್ಕ. ಅದಲುಬದಲಾಯ್ತಾ?"

"ನಾನೇ ಬೇಕಂತ ಬದಲಾಯಿಸಿದೆ. ನಿನ್ನ ನಾಲಿಗೆಗೂ ಒಂದಿನ ರಜಾ ಬೇಡ್ವಾ? ಹೋಗು, ಹೋಗಿ ಗುಂಡಿ ಹೊಲಿ."

ಅವನು ನಕ್ಕು ಹೋದ. ಆದರೆ ಮಡಕೆಯಲ್ಲಿ ಏನಿತ್ತೆಂಬುದನ್ನು ಬಾಯಿಬಡುಕನಾದ ಆ ದರ್ಜಿ ಯಾರಿಗೂ ಹೇಳಲಿಲ್ಲ. ಎಷ್ಟೋ ತಿಂಗಳ ಮೇಲೆ ನನಗೊಬ್ಬನಿಗೆ ಹೇಳಿದ. ಉಪ್ಪು ನೀರಿನಲ್ಲಿ ಬೆಂದ ಕುಂಬಳದ ನಾಲ್ಕು ಚೂರು, ಅಷ್ಟೇ. ಎಣ್ಣೆಯ ಒಂದು ತೊಟ್ಟೂ ಇರಲಿಲ್ಲ. "ಅಣ್ಣ, ನಮ್ಮ ಬೀದೀಲಿ ಯಾರೋ ಅದನ್ನ ತಿಂದು ಮಲಗ್ತಾರೆ, ನಾನು ದಿನಾ ಅವರ ಪಕ್ಕದಲ್ಲೇ ಕೂತು ಗೋಡೆಗೆ ಬೆನ್ನು ಕಾಯಿಸ್ಕೋತೀನಿ" ಎಂದ. ಅವನ ಮಾಂಸದ ಮಡಕೆ ಯಾರ ಮನೆಗೆ ಹೋಯಿತೋ, ಆ ಮನೆಯವರು ಮಾತ್ರ ಮಡಕೆ ತಪ್ಪಿ ಬಂತೆಂದು ದೂರಲೇ ಇಲ್ಲ. ಯಾರೆಂದು ನನಗೂ ಗೊತ್ತಿಲ್ಲ. ಗೊತ್ತಿದ್ದರೂ ಬರೆಯುತ್ತಿರಲಿಲ್ಲ.

ಭಟ್ಟಿಯಕ್ಕ ನಗಿಸಿ ಕಳಿಸಿದಳಲ್ಲ, ಒಳಗೆ ಹೋಗಿ ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದಳಂತೆ. ಏನೂ ಇಲ್ಲ. ಹೊಗೆ ಇಲ್ಲ, ಹುಳಿಹಿಟ್ಟು ಇಲ್ಲ, ತನ್ನ ಮೈಯ ಬೆವರೂ ಇಲ್ಲ. ಬಿಳಿ ಗೋಡೆಗೆ ಮುಖ ಮಾಡಿ ನಿಂತ ಹಾಗಿತ್ತು ಎಂದು ಆಮೇಲೆ ಹೇಳಿದಳು. ಆದರೂ ಬಿಟ್ಟುಕೊಡುವ ಪೈಕಿ ಅಲ್ಲ. ಅಂದಿನಿಂದ ಯಾವ ಮಡಕೆ ಎಲ್ಲಿಟ್ಟೆನೆಂಬುದನ್ನು ತಲೆಯಲ್ಲಿ ಇಟ್ಟುಕೊಂಡು, ಮೂಸುವ ನಾಟಕ ಮಾಡಿ, ಜಾಗ ನೋಡಿ ಹಂಚತೊಡಗಿದಳು. ಕೆಲವು ದಿನ ಸರಿಯಾಗಿಯೇ ನಡೆಯಿತು. ಬೂದಿ ಮುಚ್ಚಿದ ಕೆಂಡವನ್ನು ಯಾರು ಕೆದಕುತ್ತಾರೆ?

ಕೆದಕಿದ್ದು ಅವಳ ತಮ್ಮನ ಮಗಳೇ, ಅದೂ ಗೊತ್ತಿಲ್ಲದೆ. ಒಂದು ಸಂಜೆ ಭಟ್ಟಿಯ ಒಂದು ಮಗ್ಗುಲು ಹೆಚ್ಚು ಕಾದಿದೆ ಎಂದು ಅವಳು ಉದ್ದ ಹಿಡಿಯ ಹಲಗೆಯಿಂದ ಮಡಕೆಗಳನ್ನು ಆಚೀಚೆ ಸರಿಸಿದಳು. ಅತ್ತೆ ಆಗ ಹಿತ್ತಿಲಲ್ಲಿದ್ದಳು. ಬಂದು ಜಾಗ ನೋಡಿ ಹಂಚಿದಳು.

ನರ್ಸಮ್ಮನ ಪುಟ್ಟ ಮಗಳಿಗೆ ಕಡಲೆಕಾಯಿ ಆಗುವುದಿಲ್ಲ. ಒಂದು ಕಾಳು ಬಾಯಿಗೆ ಹೋದರೂ ತುಟಿ ಊದಿ ಉಸಿರು ಕಟ್ಟುತ್ತದೆ. ಬೀದಿಗೆಲ್ಲ ಗೊತ್ತಿರುವ ಸಂಗತಿ. ಆ ಸಂಜೆ ಅವಳ ಮನೆಗೆ ಹೋದ ಮಡಕೆಯಲ್ಲಿ ಕಡಲೆಕಾಯಿ ಅರೆದು ಹಾಕಿದ ಗೆಣಸಿತ್ತು. ಮಗಳು ತಟ್ಟೆಯ ಮುಂದೆ ಕೂತಿದ್ದಳು. ತಾಯಿ ಮುಚ್ಚಳ ತೆರೆದವಳೇ ನೋಡಿದಳು, ಮುಚ್ಚಿದಳು, ಮಡಕೆ ಎತ್ತಿಕೊಂಡು ಹಿಂದಿರುಗಿ ಬಂದಳು. ಗದರಲಿಲ್ಲ. ಮುಖ ಮಾತ್ರ ಸುಣ್ಣವಾಗಿತ್ತು.

"ಅಕ್ಕಾ, ಇವತ್ತು ಬೇರೆ ಮಡಕೆ ಬಂದಿದೆ" ಎಂದಳು. "ಮಗು ತಿನ್ನಲಿಲ್ಲ. ನೀವು ಗಾಬರಿಯಾಗಬೇಡಿ."

ಆ ಕಡೆಯಿಂದ ಮಾತಿನ ಈಟಿ ಬಂದಿದ್ದರೆ ಭಟ್ಟಿಯಕ್ಕ ತಡೆದುಕೊಳ್ಳುತ್ತಿದ್ದಳು. ಗಾಬರಿಯಾಗಬೇಡಿ ಎಂದದ್ದನ್ನೇ ತಡೆಯಲಾಗಲಿಲ್ಲ. ಹಿಟ್ಟಿನ ತೊಟ್ಟಿಯ ಅಂಚು ಹಿಡಿದು ಕುಳಿತುಬಿಟ್ಟಳು. ತಮ್ಮನ ಮಗಳು, "ನಾನು ಸರಿಸಿದ್ದು ಅತ್ತೆ, ಆದ್ರೆ ನೀನು ಮೂಸಿ ಕೊಡ್ತೀಯಲ್ಲ" ಎಂದು ತೊದಲಿದಳು.

"ಮೂಗು ಸತ್ತಿದೆ ಕಣೇ" ಎಂದಳು ಭಟ್ಟಿಯಕ್ಕ. "ಜ್ವರದ ಜೊತೆ ಹೋಯ್ತು. ನಾನು ಬೀದಿಗೆಲ್ಲ ನಾಟಕ ಆಡ್ತಿದ್ದೆ."

ಮರುದಿನ ಮಡಕೆ ತಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಅದೇ ಮಾತನ್ನು ಅಷ್ಟೇ ಸ್ಪಷ್ಟವಾಗಿ ಹೇಳಿದಳು. ಮೂಗು ಬರುವವರೆಗೆ ಮಡಕೆ ಇಡುವುದಿಲ್ಲ, ಬಾರದಿದ್ದರೆ ಮುಂದೆಂದೂ ಇಡುವುದಿಲ್ಲ. ಬ್ರೆಡ್ಡು ಬೇಕಾದವರು ಬ್ರೆಡ್ಡು ಒಯ್ಯಬಹುದು. ಮಡಕೆಗೊಂದು ಸುಣ್ಣದ ಗೆರೆ ಎಳೆದರೆ ಮುಗಿಯಿತಲ್ಲ ಎಂದು ಯಾರೋ ಅಂದದ್ದಕ್ಕೆ, "ಗೆರೆ ಎಳೆದ ದಿನ ಯಾರದ್ದು ಘಮಘಮ, ಯಾರದ್ದು ಬರೀ ನೀರು ಅಂತ ಬೀದಿಗೆಲ್ಲ ಕಾಣುತ್ತೆ. ನಮ್ಮಜ್ಜಿ ಮುಚ್ಚಿದ್ದನ್ನ ನಾನು ತೆರೆಯೋಲ್ಲ" ಎಂದಳು. ದರ್ಜಿ ತಲೆ ತಗ್ಗಿಸಿದ್ದು ಯಾಕೆಂದು ಅವತ್ತು ನನಗೆ ತಿಳಿಯಲಿಲ್ಲ.

ಆ ವಾರ ಹಿಂಗೋಡೆ ಬೆಚ್ಚಗೇ ಇತ್ತು, ಬೆನ್ನು ಕೊಡುವವರಿರಲಿಲ್ಲ. ಮಡಕೆ ಇಲ್ಲದೆ ಬಂದು ಕೂರಲು ಎಲ್ಲರಿಗೂ ಸಂಕೋಚ. ಎಲೆಗಳು ಬಂದು ನಾವು ಕೂರುವ ಬೆಂಚಿನ ಮೇಲೆ ಕೂತವು.

ತಮ್ಮನ ಮಗಳಿಗೆ ಮನಸ್ಸು ತಡೆಯಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತೆಲ್ಲ ಮೊಬೈಲು ತಡಕಿದಳು. ಕೊನೆಗೆ ಸಿಕ್ಕಿತು: ಮೂಗು ಕಳೆದುಕೊಂಡವರ ಒಂದು ಗುಂಪು. ಎಲ್ಲೆಲ್ಲಿಯವರೋ, ಏನೇನು ಕೆಲಸದವರೋ. ಹಡಗಿನ ಅಡುಗೆಯವನಿದ್ದ, ಸೋಪು ಮಾಡುವವಳಿದ್ದಳು, ಹೂವಿನ ಅಂಗಡಿಯ ಮುದುಕನೊಬ್ಬನಿದ್ದ. ಪ್ರತಿಯೊಬ್ಬರೂ ಬೆಳಿಗ್ಗೆ ಸಂಜೆ ಕೆಲವು ವಾಸನೆಗಳನ್ನು ಮೂಸುತ್ತ, ಮೂಗಿಗೆ ಮತ್ತೆ ಅಕ್ಷರಾಭ್ಯಾಸ ಮಾಡಿಸುತ್ತಿದ್ದರು. ಅತ್ತೆಯ ಪರವಾಗಿ ಅವಳು ಬರೆದಳು. ಹೂವಿನ ಮುದುಕ ಉತ್ತರಿಸಿದ. ಅವನ ಭಾಷೆ ಯಾವುದೋ. ಮೊಬೈಲು ಅದನ್ನು ಕನ್ನಡಕ್ಕೆ ತಿರುಗಿಸಿ ಹೀಗೆ ಹೇಳಿತು: "ಗೌರವಾನ್ವಿತ ಅತ್ತೆಯವರೇ, ನಿಮ್ಮ ಮೂಗು ಮರಣ ಹೊಂದಿಲ್ಲ, ಪ್ರವಾಸದಲ್ಲಿ ಇದೆ. ದಯಮಾಡಿ ಅದಕ್ಕೆ ಮನೆಯ ಸುದ್ದಿ ಕಳುಹಿಸುತ್ತಿರಿ. ವಸ್ತುವನ್ನು ಮೂಸುವಾಗ ಅದರ ಹಳೆಯ ದಿನವನ್ನು ನೆನಪಿಸಿರಿ."

"ಯಾರೇ ಇವನು, ನನ್ನನ್ನ ಅತ್ತೆ ಅನ್ನೋನು?" ಎಂದು ಭಟ್ಟಿಯಕ್ಕ ಮೂಗು ಮುರಿದಳು. "ಅವನಿಗೆ ಕೊಡೋಕೆ ನನ್ನ ಹತ್ರ ಮಗಳಿಲ್ಲ ಅಂತ ಬರಿ." ಆದರೆ ಮರುದಿನ ಬೆಳಿಗ್ಗೆ ನಾನು ಅಂಗಡಿ ತೆರೆಯುವಾಗ ಕಿಟಕಿಯ ಮೇಲೆ ನಾಲ್ಕು ಗಾಜಿನ ಡಬ್ಬಿಗಳು ಕೂತಿದ್ದವು. ಲವಂಗ, ಕಿತ್ತಳೆ ಸಿಪ್ಪೆ, ಕಾಫಿಪುಡಿ, ಒದ್ದೆ ತರಗೆಲೆ. ಅವಳು ಕಣ್ಣು ಮುಚ್ಚಿ ಒಂದೊಂದನ್ನೇ ಮೂಗಿಗೆ ಹಿಡಿಯುತ್ತಿದ್ದಳು.

"ಏನಾದ್ರೂ ಬಂತಾ?" ಎಂದೆ.

"ಬಂತು. ನಿಮ್ಮಂಥೋರು ಇಣುಕಿ ನೋಡೋದು ಬಂತು."

ಸುದ್ದಿ ಬೀದಿಗೆ ಹರಡಲು ಎಷ್ಟು ಹೊತ್ತು? ಬೀದಿಯೆಂಬುದೇ ಒಂದು ದೊಡ್ಡ ಮೂಗು. ಮೊದಲು ದರ್ಜಿ ಬಂದ, ಕೈಯಲ್ಲಿ ಬಿಸಿ ಇಸ್ತ್ರಿಯ ಕೆಳಗೆ ಒತ್ತಿದ ಒದ್ದೆ ಉಣ್ಣೆಯ ತುಂಡು. "ಮೂಸಕ್ಕ, ಇದು ನಮ್ಮಪ್ಪನ ಅಂಗಡಿ ವಾಸನೆ. ಚಿಕ್ಕಂದಿನಲ್ಲಿ ನೀನು ಬನ್ನು ತಂದು ಕೊಟ್ಟು ಈ ಉಗಿ ಹತ್ರ ಕೈ ಕಾಯಿಸ್ಕೋತಿದ್ದೆ." ಅವಳಿಗೆ ಉಣ್ಣೆಯ ವಾಸನೆ ಸಿಗಲಿಲ್ಲ. ಅವನಪ್ಪನ ಸೊಟ್ಟ ಕನ್ನಡಕ ಮಾತ್ರ ಕಣ್ಣಿಗೆ ಕಟ್ಟಿತು, ಇಬ್ಬರೂ ನಕ್ಕರು. ನಾನು ಹಿತ್ತಾಳೆ ಕೀಲಿಗೆ ಎಣ್ಣೆ ಸವರಿ ಒಯ್ದೆ. ಒಬ್ಬರು ಹಳೇ ಪುಸ್ತಕ ತಂದರು, ಒಬ್ಬರು ಮಾಗಿದ ಸೀಬೆಹಣ್ಣು, ಒಬ್ಬರು ಬಿಸಿಲಿಗೆ ಹಾಕಿ ತೆಗೆದ ದಿಂಬು. ಇನ್ನೊಬ್ಬ ಮಹಾರಾಯ ತನ್ನ ನಾಯಿಯನ್ನೇ ಎತ್ತಿಕೊಂಡು ಬಂದ. "ಇದನ್ನ ಮೂಸಿ ಮೂಗು ವಾಪಸ್ ಬಂದ್ರೂ ತಿರುಗಿ ಓಡಿಹೋಗುತ್ತೆ, ಆಚೆ ಹೋಗಯ್ಯ!" ಎಂದು ಅಟ್ಟಿದಳು.

ಹೀಗೆ ಮಡಕೆಯಿಲ್ಲದ ಸಂಜೆಗಳಲ್ಲೂ ಹಿಂಗೋಡೆ ಮತ್ತೆ ತುಂಬಿತು. ಪ್ರತಿ ವಾಸನೆಗೂ ಒಂದು ಹಳೇ ದಿನವನ್ನು ಹೇಳಬೇಕೆಂದು ಹೂವಿನ ಮುದುಕ ವಿಧಿಸಿದ್ದನಲ್ಲ, ನಮಗೆ ಅದೇ ಹಬ್ಬವಾಯಿತು. ಪಕ್ಕದ ಮನೆಯವರ ಬಗ್ಗೆ ಇಷ್ಟು ವರ್ಷ ಗೊತ್ತಿರದಿದ್ದುದು ಒಂದೊಂದೇ ಗೊತ್ತಾಯಿತು. ಭಟ್ಟಿಯಕ್ಕನೂ ಮೂಗಿಲ್ಲದ ಲೋಕದಲ್ಲಿ ಓಡಾಡುವುದನ್ನು ಕಲಿತಳು. ಭಟ್ಟಿಯಿಂದ ತೆಗೆದ ಬ್ರೆಡ್ಡು ಆರುವಾಗ ಮೇಲ್ಪದರ ಚಿಟಿಚಿಟಿ ಎನ್ನುವುದನ್ನು ಕಿವಿಗೊಟ್ಟು ಕೇಳುವಳು. "ಇಷ್ಟು ವರ್ಷ ಇವು ಮಾತಾಡ್ತಾ ಇದ್ವು ಕಣೇ, ನಾನು ಮೂಗಿನ ಮಾತು ಮಾತ್ರ ಕೇಳ್ತಿದ್ದೆ" ಎಂದು ತಮ್ಮನ ಮಗಳಿಗೆ ಹೇಳಿದಳಂತೆ. ಆದರೆ ಒಬ್ಬಳೇ ಇದ್ದಾಗ ಮುಖ ಬಾಡುತ್ತಿತ್ತು. ಖಾಲಿ ಭಟ್ಟಿಯ ಬಾಯಿಗೆ ಮುಖ ಇಟ್ಟು ಬಹಳ ಹೊತ್ತು ನಿಲ್ಲುತ್ತಿದ್ದಳು. ಮರದ ಟೊಂಗೆಗಳು ಬರಿದಾಗುತ್ತಿದ್ದವು. ಈ ವರ್ಷ ಮಡಕೆ ಹೋಗದಿದ್ದರೆ ಮುಂದಿನ ವರ್ಷ ಜನ ಅಭ್ಯಾಸ ತಪ್ಪುತ್ತಾರೆ, ಉಪ್ಪುನೀರು ಬೇಯಿಸುವವರು ಮನೆಯ ಬಾಗಿಲು ಹಾಕಿಕೊಂಡು ಒಬ್ಬರೇ ಬೇಯಿಸಿಕೊಳ್ಳುತ್ತಾರೆ. ಅದು ಅವಳಿಗೆ ಗೊತ್ತಿತ್ತು.

ಮೊದಲು ಬಂದದ್ದು ಸುಳ್ಳು ವಾಸನೆ. ಒಂದು ದಿನ ಕಾಫಿಪುಡಿ ಮೂಸಿದರೆ ಸುಟ್ಟ ರಬ್ಬರು. ಕಿತ್ತಳೆ ಮೂಸಿದರೂ ಸುಟ್ಟ ರಬ್ಬರು. ಎರಡು ದಿನ ಬ್ರೆಡ್ಡನ್ನೇ ಮುಟ್ಟಲಾರದೆ ಹಸಿ ಸೌತೆಕಾಯಿ ತಿಂದಳು. ಗುಂಪಿಗೆ ಬರೆದದ್ದಕ್ಕೆ ಹೂವಿನ ಮುದುಕನ ಮಾತು ಬಂತು: "ಅಭಿನಂದನೆಗಳು ಅತ್ತೆಯವರೇ. ಪ್ರಯಾಣಿಕನು ಹಳ್ಳ ದಾಟುತ್ತಿರುವನು, ಆದ್ದರಿಂದ ಕಾಲಿನಲ್ಲಿ ಕೆಸರು." ಭಟ್ಟಿಯಕ್ಕ ಅದನ್ನು ಎರಡು ಸಲ ಓದಿಸಿ ಕೇಳಿದಳು. ಈ ಸಲ ಮೂಗು ಮುರಿಯಲಿಲ್ಲ.

ನರ್ಸಮ್ಮ ಮಾತ್ರ ಡಬ್ಬಿ, ಹಣ್ಣು ಏನನ್ನೂ ತರುತ್ತಿರಲಿಲ್ಲ. ಸಂಜೆ ಕೆಲಸದಿಂದ ಬಂದವಳು ಪುಟ್ಟ ಮಗಳ ಕೈ ಹಿಡಿದು ತಂದು ಭಟ್ಟಿಯಕ್ಕನ ಮುಂದೆ ನಿಲ್ಲಿಸಿ, "ಇವಳ ನೆತ್ತಿ ಮೂಸಿ ಅಕ್ಕ" ಎನ್ನುತ್ತಿದ್ದಳು. ಮೊದಲ ದಿನ ಭಟ್ಟಿಯಕ್ಕ ಹಿಂದೆ ಸರಿದಳು. "ನನ್ನ ಕೈಯಿಂದ ಇವಳಿಗೆ ಏನಾಗ್ತಿತ್ತೋ ಅದನ್ನ ನೆನೆಸಿದ್ರೆ..."

"ಆಗಲಿಲ್ಲವಲ್ಲ. ಮೂಸಿ. ಹುಟ್ಟಿದ ದಿನ ಮೊದಲು ಮೂಸಿದೋರು ನೀವೇ. 'ಹೊಸ ಹಿಟ್ಟಿನ ಹಾಗಿದಾಳೆ' ಅಂದಿದ್ರಿ."

ಮಗು ದಿನವೂ ತಲೆ ಬಗ್ಗಿಸಿ ನಿಲ್ಲುವುದು, ಭಟ್ಟಿಯಕ್ಕ ಬಾಗಿ ಮೂಸುವುದು, "ಇಲ್ಲ ಪುಟ್ಟಿ" ಎನ್ನುವುದು, ಮಗು, "ನಾಳೆ ತಲೆ ತೊಳ್ಕೊಂಡು ಬರ್ತೀನಿ" ಎನ್ನುವುದು. ಹೀಗೇ ನಡೆದಿತ್ತು. ಒಂದು ಸಂಜೆ ತಣ್ಣನೆ ಗಾಳಿ ಎದ್ದು ಎಲೆಗಳು ಬೀದಿಯಲ್ಲಿ ಓಡಾಡಿದವು. ತಾಯಿ ಆ ದಿನ ಪೆಟ್ಟಿಗೆಯಿಂದ ಮಗಳ ಉಣ್ಣೆ ಟೋಪಿ ತೆಗೆದು ಹಾಕಿ ಕರೆತಂದಿದ್ದಳು. ಭಟ್ಟಿಯಕ್ಕ ಅಭ್ಯಾಸದಂತೆ ಬಾಗಿದಳು. ಬಾಗಿದವಳು ಹಾಗೆಯೇ ನಿಂತಳು. ಮತ್ತೊಮ್ಮೆ ಮೂಗೆಳೆದಳು.

"ನುಸಿಗುಳಿಗೆ!" ಎಂದು ಕೂಗಿದಳು. "ಅಯ್ಯೋ, ಇವಳು ನುಸಿಗುಳಿಗೆ ನಾರ್ತಾಳೆ!"

ಬೀದಿಯ ಒಳ್ಳೊಳ್ಳೆ ಪರಿಮಳಗಳೆಲ್ಲ ಮರ್ಯಾದೆಯಿಂದ ಸಾಲು ನಿಂತು ಕಾದಿರುವಾಗ, ಸಾಲು ಮುರಿದು ಮುಂದೆ ನುಗ್ಗಿದ್ದು ಪೆಟ್ಟಿಗೆಯ ಮೂಲೆಯ ಬಿಳಿ ಉಂಡೆ. ಭಟ್ಟಿಯಕ್ಕ ಆ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಮಗು ಹೆದರಿ, "ಅಜ್ಜಿ, ಬೇಕಾದ್ರೆ ನೀವೇ ಇಟ್ಕೊಳ್ಳಿ" ಎಂದಿತು. ಅಷ್ಟು ಹೊತ್ತಿಗೆ ದರ್ಜಿಯೂ ಕಣ್ಣೊರೆಸಿಕೊಳ್ಳುತ್ತಿದ್ದ, ಕೇಳಿದರೆ ಧೂಳು ಬಿತ್ತು ಎಂದ.

ಆಮೇಲೆ ಒಂದೊಂದಾಗಿ ಬಂದವು. ಲವಂಗ ಬಂತು, ತೆಳ್ಳಗೆ, ಮೂರು ಮನೆ ಆಚೆ ಯಾರೋ ಜಗಿದ ಹಾಗೆ. ಹೊಗೆ ಬಂತು. ಒಂದು ಬೆಳಿಗ್ಗೆ ಹುಳಿಹಿಟ್ಟು ಬಂತು, ಅದನ್ನು ಯಾರಿಗೂ ಹೇಳದೆ ಒಬ್ಬಳೇ ಕೂತು ಮನಸಾರೆ ಮೂಸಿದಳಂತೆ. ಕೆಲವು ಇನ್ನೂ ಬಂದಿರಲಿಲ್ಲ. ಮಾಂಸ ಬೆಂದದ್ದು ಬೆಳ್ಳುಳ್ಳಿಯಿದ್ದರೆ ತಿಳಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಆದರೂ ಎಲೆ ಪೂರ್ತಿ ಉದುರುವ ಮುಂಚೆ ಒಂದು ದಿನ ಕಟ್ಟೆಯ ಮೇಲೆ ನಿಂತು ಹೇಳಿದಳು: "ನಾಳೆ ಮಡಕೆ ತನ್ನಿ. ನನ್ನ ಮೂಗು ಅರ್ಧ ದಾರಿ ಬಂದಿದೆ. ನಿಧಾನ ಆಗುತ್ತೆ, ಆರಿದ್ದು ತಿನ್ನೋಕೆ ತಯಾರಿದ್ದೋರು ಮಾತ್ರ ಬನ್ನಿ. ಪುಟ್ಟಿ ಮಡಕೆ ಭಟ್ಟಿಗೆ ಹೋಗಲ್ಲ, ಅದರ ಪಕ್ಕದ ಬಿಸಿ ಗೂಡಲ್ಲಿ ಅದೊಂದೇ ಇರುತ್ತೆ. ಜೀವದ ವಿಷಯದಲ್ಲಿ ನಾನು ಮೂಗನ್ನ ನಂಬಲ್ಲ."

ಎಲ್ಲರೂ ತಂದರು. ಮಡಕೆಗಳು ಒಳಗೆ ಹೋದವು, ನಾವು ಗೋಡೆಗೆ ಬೆನ್ನು ಕೊಟ್ಟೆವು. ಯಾರೂ ಮೊಬೈಲು ತೆಗೆಯಲಿಲ್ಲ. ಬೆಂದಾದ ಮೇಲೆ ಭಟ್ಟಿಯಕ್ಕ ಅವುಗಳನ್ನು ಹಲಗೆಯ ಮೇಲೆ ಸಾಲಾಗಿ ಇಟ್ಟಳು. ಹೊರಗೆ ಗಾಳಿ ಕೊರೆಯುತ್ತಿತ್ತು, ಮಡಕೆಗಳಿಂದ ಉಗಿ ಏಳುತ್ತಿತ್ತು. ಮೊದಲ ಮಡಕೆಯ ಬಿರುಕಿಗೆ ಮೂಗು ಹಿಡಿದಳು. ಹುಬ್ಬು ಕುಣಿಸಲಿಲ್ಲ, ಬೇಗ ಮುಗಿಸಲಿಲ್ಲ. ಕಣ್ಣು ಮುಚ್ಚಿ, ಎಲ್ಲಿಯೋ ದೂರದ ಮಾತಿಗೆ ಕಿವಿಗೊಟ್ಟವಳಂತೆ ನಿಂತು, "ದರ್ಜಿ, ನಿಂದು" ಎಂದಳು. ಅವನು ಅಲ್ಲೇ ಹಿಟ್ಟು ಒಡೆದು ಒಳಗೆ ಇಣುಕಿ, "ಕಿವೀಲಿ ಹೊಗೆ ಬಂತು, ನಂದೇ!" ಎಂದು ಕೂಗಿದ. ಆ ಹೊತ್ತಿನಲ್ಲಿ ನಾವೆಲ್ಲ ಉಸಿರು ಬಿಟ್ಟ ಸದ್ದು ನನಗಿನ್ನೂ ನೆನಪಿದೆ.

ಒಂದೊಂದೇ ಹೋಯಿತು. ನನ್ನದು ನನಗೆ ಬಂತು. ಯಾರದ್ದೂ ತಪ್ಪಲಿಲ್ಲ. ಮಡಕೆ ಸಿಕ್ಕವರೂ ಮನೆಗೆ ಹೋಗದೆ, ಕೈಯಲ್ಲಿ ಊಟ ಆರುತ್ತಿದ್ದರೂ ಅಲ್ಲೇ ನಿಂತರು. ಕೊನೆಗೆ ಹಲಗೆಯ ಮೇಲೆ ಕೆಲವೇ ಉಳಿದವು, ಕತ್ತಲಲ್ಲಿ ಕೆಲವೇ ಜನ ಕಾದಿದ್ದರು. ಆಗ ಒಂದು ಮಡಕೆಯ ಮುಂದೆ ಭಟ್ಟಿಯಕ್ಕ ತಡೆದಳು. ಮೂಸಿದಳು. ತಲೆ ಎತ್ತಿದಳು. ಮತ್ತೆ ಮೂಸಿದಳು. ಅದರಲ್ಲಿದ್ದದ್ದು ಬಹಳ ಸಣ್ಣ ವಾಸನೆಯಿರಬೇಕು. ದರ್ಜಿ ಜೇಬಿನಿಂದ ಬಣ್ಣಬಣ್ಣದ ದಾರದ ಉಂಡೆಗಳನ್ನು ತೆಗೆದು, "ಅಕ್ಕಾ, ನಾಳೆಯಿಂದ ಬರೀ ಒಂದೊಂದು ಎಳೆ ಕಟ್ಟೋಣ, ಕಣ್ಣಿಗೆ ಕಾಣದಷ್ಟು ಸಣ್ಣದು" ಎಂದು ಮೆಲ್ಲಗೆ ಹೇಳಿದ. ಅವಳು ಅವನತ್ತ ನೋಡದೆ ಬರೀ ತಲೆ ಅಲ್ಲಾಡಿಸಿದಳು. ತಮ್ಮನ ಮಗಳು ಹತ್ತಿರ ಹೋಗಿ, ಅತ್ತೆಯ ಕಿವಿಯ ಬಳಿ, "ಇದೊಂದನ್ನ ನಾನು ಮೂಸಿ ಹೇಳ್ಲಾ ಅತ್ತೆ? ಯಾರಿಗೂ ಗೊತ್ತಾಗಲ್ಲ" ಎಂದಳು.

ಭಟ್ಟಿಯಕ್ಕ ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಹಿಡಿದಳು.

"ಬೇಡ ಮಗಳೇ, ನೀನು ಮೂಸಬೇಡ. ಒಂದು ಮೂಗಿಗೆ ಗೊತ್ತಾದ್ರೆ ಸಾಕು. ಆರಿದ್ರೆ ಆರ್ಲಿ, ಬಿಸಿ ಮಾಡ್ಕೊಳ್ಳೋಕೆ ಎಲ್ಲರ ಮನೇಲೂ ಒಲೆ ಇದೆ. ಇದು ಯಾರದು ಅಂತ ನನ್ನ ಮೂಗು ಹೇಳೋವರೆಗೂ ನಾನು ಇಲ್ಲೇ ನಿಂತಿರ್ತೀನಿ. ಬಡಪಾಯಿ ಅಷ್ಟು ದೂರದಿಂದ ನಡ್ಕೊಂಡು ಬಂದಿದೆ, ಬಾಗಿಲ ಹತ್ರ ಬಂದು ನಿಂತಿದೆ. ಈಗ ಯಾರೂ ಕೈ ಹಿಡಿದು ಒಳಗೆ ಎಳೀಬೇಡಿ. ಅದಾಗೇ ಬರ್ಲಿ."